ಸಾವಿನ ಮನೆಗೆ ಮೆಸೇಜ್ ಹಾಕುವಾಗ

ಸಾವಾದ ಮನೆಯವರಿಗೆ "ಸಮಾಧಾನ ಮಾಡ್ಕೊಳ್ಳಿ" ಅಂತ ಬರೆಯುವ ಬದಲು, ಒಂದು ಸಣ್ಣ ಕೆಲಸವನ್ನು ನೀವೇ ವಹಿಸಿಕೊಂಡು ಬರೆಯಿರಿ. "ಮುಂಬೈಯಿಂದ ಬರುವವರನ್ನು ಬೆಳಿಗ್ಗೆ ಇಂದ್ರಾಳಿ ಸ್ಟೇಷನ್‌ನಿಂದ ನಾನು ಕರ್ಕೊಂಡು ಬರ್ತೇನೆ", "ರಾತ್ರಿಗೆ ಗಂಜಿ, ಚಟ್ನಿ ನಮ್ಮ ಮನೆಯಿಂದ" ಅಂತ, ಅಷ್ಟೇ. ಸಮಾಧಾನ ಮಾಡ್ಕೊಳ್ಳಿ ಅಂದ್ರೆ ಆ ಕೆಲಸವನ್ನೂ ಅವರ ತಲೆಗೇ ಹಾಕಿದ ಹಾಗೆ ಅಲ್ವಾ? "ಏನಾದ್ರೂ ಬೇಕಾದ್ರೆ ಹೇಳಿ" ಅಂದ್ರೂ ಅದೇ ಕಥೆ, ಆ ಹೊತ್ತಿನಲ್ಲಿ ಯಾರೂ ಫೋನ್ ಮಾಡಿ ಕೇಳುವುದಿಲ್ಲ. "ಸಾಂತ್ವನ" ಅನ್ನುವ ಪದ ಸಂಘದ ಪತ್ರಕ್ಕೆ, ಪೇಪರ್ ಸುದ್ದಿಗೆ ಸರಿ, ಅಂದರೆ ಸಾಂತ್ವನ ಹೇಳಿದರು ಅಂತ ಮೂರನೆಯವರು ಬರೆಯುವಲ್ಲಿ. ಎದುರಿಗೆ ಕೂತವರ ಹತ್ರ ಯಾರೂ ಆ ಪದ ಆಡುವುದಿಲ್ಲ (ಬರೆಯಲೇಬೇಕಾದರೆ "ಸ್ವಾಂತನ" ಅಂತ ಮಾತ್ರ ಬರೀಬೇಡಿ, ಗ್ರೂಪಿನಲ್ಲಿ ಇದು ತುಂಬಾ ಕಾಣ್ತದೆ). ಕೆಲಸ ವಹಿಸಿಕೊಳ್ಳುವ ಈ ಉಪಾಯ ದೂರದ ಪರಿಚಯದವರಿಗೆ ಹೊಂದುವುದಿಲ್ಲ, ಸುಮ್ನೆ ಮೂಗು ತೂರಿಸಿದ ಹಾಗಾಗ್ತದೆ. ಅಲ್ಲಿ "ವಿಷಯ ಗೊತ್ತಾಯ್ತು, ತುಂಬಾ ಬೇಜಾರಾಯ್ತು" ಸಾಕು. ಮತ್ತೆ ಬೊಜ್ಜದ (ಉತ್ತರಕ್ರಿಯೆಯ) ಊಟದ ವ್ಯವಸ್ಥೆಯಂಥ ದೊಡ್ಡ ಕೆಲಸಕ್ಕೆ ಮನೆಯ ಹಿರಿಯರನ್ನು ಕೇಳದೆ ಕೈ ಹಾಕಬೇಡಿ.