ಪಿಜಿಗಳ ಸಿಪಿಆರ್ ಕೌಶಲವನ್ನು ಸಿಮ್ಯುಲೇಷನ್‌ನಲ್ಲಿ ಅಳೆಯುವುದು ಹೇಗೆ

ಎಮರ್ಜೆನ್ಸಿ ಮೆಡಿಸಿನ್ ಪಿಜಿಗಳನ್ನು (ಸ್ನಾತಕೋತ್ತರ ವೈದ್ಯ ವಿದ್ಯಾರ್ಥಿಗಳನ್ನು) ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಕೇಳಿದರೆ ಸಿಪಿಆರ್‌ನ (ಹೃದಯ ನಿಂತವರ ಎದೆ ಒತ್ತಿ ಉಸಿರು ಕೊಡುವ ಚಿಕಿತ್ಸೆಯ) ಅಲ್ಗಾರಿದಂ, ಅಂದರೆ ಹಂತಗಳನ್ನು, ಪಟಪಟ ಒಪ್ಪಿಸುತ್ತಾರೆ. ನಾಡಿ ಹೋದ ಮೇಲೆ ಎದೆ ಒತ್ತಲು ಎಷ್ಟು ಹೊತ್ತು ಹಿಡಿಯಿತು ಅನ್ನೋದು ಅಲ್ಲಿ ಗೊತ್ತಾಗುವುದೇ ಇಲ್ಲ. ಅದನ್ನು ನೋಡಲು ಮ್ಯಾನಿಕಿನ್ (ರೋಗಿಯ ಬದಲಿನ ತರಬೇತಿ ಬೊಂಬೆ) ಮುಂದೆಯೇ ನಿಲ್ಲಿಸಬೇಕು.

ಕೇಸ್ ನಮ್ಮ ಕಡೆಯದೇ ಇರಲಿ. ದಾವಣಗೆರೆಯಲ್ಲಿ ನಾನು ಬಳಸುವುದು ಇದು: ಚನ್ನಗಿರಿ ಕಡೆಯ 55 ವರ್ಷದ ಅಡಿಕೆ ಬೆಳೆಗಾರ, ಡಯಾಲಿಸಿಸ್ ರೋಗಿ, ಈ ವಾರದ ಸರದಿ ತಪ್ಪಿಸಿಕೊಂಡಿದ್ದಾರೆ. ಬಂದಾಗ ಸುಸ್ತು ಮಾತ್ರ. ಮಾನಿಟರ್‌ನ ಇಸಿಜಿಯಲ್ಲಿ ಕ್ಯೂಆರ್‌ಎಸ್ (ಹೃದಯ ಬಡಿತದ ಚೂಪು ಅಲೆ) ಅಗಲ. ಮೂರನೇ ನಿಮಿಷಕ್ಕೆ ಪಿಇಎ, ಅಂದರೆ ಮಾನಿಟರ್‌ನಲ್ಲಿ ಅಲೆ ಇದೆ, ನಾಡಿ ಇಲ್ಲ. ಮ್ಯಾನಿಕಿನ್‌ನ ಎಡಗೈ ಮಣಿಕಟ್ಟಿನ ಮೇಲೆ ಫಿಸ್ಟುಲಾ (ಡಯಾಲಿಸಿಸ್‌ಗಾಗಿ ಜೋಡಿಸಿದ ರಕ್ತನಾಳ) ಜಾಗಕ್ಕೆ ಒಂದು ತುಂಡು ಗಾಜ್ ಬಟ್ಟೆ ಅಂಟಿಸಿಡುತ್ತೇನೆ. ಕೆಲವರು, ಸುತ್ತಬಾರದಿದ್ದರೂ, ಅದೇ ಕೈಗೆ ಬಿಪಿ ಕಫ್ ಸುತ್ತುತ್ತಾರೆ. ಕೆಲವರು ಗಾಜ್ ಕಂಡೊಡನೆ ಮಗನತ್ತ ತಿರುಗುತ್ತಾರೆ. ಮಗನ ಪಾತ್ರ ನಮ್ಮ ಬ್ರದರ್ (ಗಂಡು ನರ್ಸ್) ಒಬ್ಬರದ್ದು. "ನಮ್ಮಪ್ಪಾರಿಗೆ ಏನಾತ್ರಿ ಸಾರ್?" ಅಂತ ಬೆನ್ನು ಹತ್ತುತ್ತಾರೆ, ಡಯಾಲಿಸಿಸ್ ತಪ್ಪಿದ್ದನ್ನು ಕೇಳಿದರೆ ಮಾತ್ರ ಹೇಳುತ್ತಾರೆ. ಪಿಜಿ ಕಂಪ್ರೆಷನ್ (ಎದೆ ಒತ್ತುವುದು) ನಿಲ್ಲಿಸದೆ, ಅಡ್ರಿನಲಿನ್ 1 ಮಿ.ಗ್ರಾಂ ಕೊಡಿಸಿ, ಡಯಾಲಿಸಿಸ್ ತಪ್ಪಿ ರಕ್ತದಲ್ಲಿ ಪೊಟ್ಯಾಸಿಯಂ ಏರಿದ್ದು ಹೊಳೆದು, ಅದಕ್ಕೆ ಕ್ಯಾಲ್ಸಿಯಂ ಗ್ಲುಕೋನೇಟ್ ಕೇಳಬೇಕು. ಪಿಇಎಗೆ ಶಾಕ್ ನಾಟುವುದಿಲ್ಲ, ಇಲ್ಲಿ ಶಾಕ್ ಕೊಟ್ಟರೆ ಅಂಕ ಕಳೆಯಿರಿ.

ಅಂಕಪಟ್ಟಿಯನ್ನು ಮೊದಲೇ ಬರೆದಿಡಿ. "ಚೆನ್ನಾಗಿ ಒತ್ತಿದರು" ಅಂತ ಬರೆದರೆ ಇಬ್ಬರು ಪರೀಕ್ಷಕರು ಎರಡು ಥರ ಅಂಕ ಹಾಕುತ್ತಾರೆ. "ನಾಡಿ ಹೋದ 10 ಸೆಕೆಂಡಿನಲ್ಲಿ ಶುರು, ನಿಮಿಷಕ್ಕೆ 100ರಿಂದ 120, ಆಳ 5ರಿಂದ 6 ಸೆಂ.ಮೀ., 2 ನಿಮಿಷಕ್ಕೆ ಆಳು ಬದಲು" ಅಂತ ಬರೆದರೆ ತಕರಾರಿಲ್ಲ. ಲೀಡರ್ "ಅಡ್ರಿನಲಿನ್ ಕೊಡಿ" ಅಂತ ಗಾಳಿಗೆ ಕೂಗಿದರೋ, ಒಬ್ಬರ ಹೆಸರು ಹಿಡಿದು ಹೇಳಿ "ಕೊಟ್ಟೆ ಸಾರ್" ಅನ್ನೋವರೆಗೆ ಕಾದರೋ, ಅದಕ್ಕೂ ಒಂದು ಸಾಲಿರಲಿ. ಪರೀಕ್ಷಕರಿಬ್ಬರೂ ಮಾತಾಡಿಕೊಳ್ಳದೆ ಅಂಕ ಹಾಕಿ, ಆಮೇಲೆ ಹೋಲಿಸಲಿ.

ದುಬಾರಿ ಮ್ಯಾನಿಕಿನ್ ಇಲ್ಲ ಅಂತ ಕೈಬಿಡಬೇಡಿ, ದಯವಿಟ್ಟು. ಮೊಬೈಲನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ವಿಡಿಯೊ ಮಾಡಿ. ಎದೆಯಿಂದ ಕೈ ಎತ್ತಿದ್ದ ಸೆಕೆಂಡುಗಳನ್ನೆಲ್ಲ ಕೂಡಿಸಿ: 10 ನಿಮಿಷದಲ್ಲಿ ಅದು 2 ನಿಮಿಷ ಮೀರಬಾರದು. ಹುಡುಗರಿಗೆ ಈ ಲೆಕ್ಕ ತೋರಿಸಿದಾಗ ನಾಟುವಷ್ಟು ನನ್ನ ಯಾವ ಲೆಕ್ಚರೂ ನಾಟಿಲ್ಲ.

ಶುರುವಿಗೆ ಮುಂಚೆ ಮ್ಯಾನಿಕಿನ್ ಮುಟ್ಟಿ ನೋಡಲು, ಡಿಫಿಬ್ರಿಲೇಟರ್ (ಶಾಕ್ ಕೊಡುವ ಯಂತ್ರ) ಗುಂಡಿಗಳನ್ನು ಪರಿಚಯ ಮಾಡಿಕೊಳ್ಳಲು ಬಿಡಿ. ಇವತ್ತು ಪರೀಕ್ಷೆಯೋ ಪಾಠವೋ ಅಂತ ಸ್ಪಷ್ಟವಾಗಿ ಹೇಳಿ. ಜೊತೆಗಿರುವ ನರ್ಸ್‌ಗಳು ಹೇಳಿದ್ದನ್ನಷ್ಟೇ ಮಾಡಲಿ. ಪಾಪ ಅಂತ ಕಣ್ಸನ್ನೆ ಮಾಡಿದರೂ ಪರೀಕ್ಷೆ ಕೆಟ್ಟಂತೆ.

ಮುಗಿದ ಮೇಲೆ ನೀರು ತುಂಬಿದ ಡಮ್ಮಿ ಸಿರಿಂಜು, ವಯಲ್‌ಗಳನ್ನು ಎಣಿಸಿ ಪೆಟ್ಟಿಗೆಗೆ ಹಾಕಿ ಬೀಗ ಹಾಕಿ. ಅವುಗಳಲ್ಲಿ ಒಂದೇ ಒಂದು ತಪ್ಪಿ ವಾರ್ಡಿನ ಕ್ರ್ಯಾಶ್ ಕಾರ್ಟ್ (ತುರ್ತು ಔಷಧಗಳ ಗಾಡಿ) ಸೇರಿದರೂ ಅಪಾಯ ನಿಜವಾದ ರೋಗಿಗೆ.