ಏರಿ ಮೇಲೆ ಅವರಿಬ್ಬರು, ರಾಗಿ ಕೂಳೆಯಲ್ಲಿ ನಾನು

ಹಾಸನದ ಸುತ್ತಮುತ್ತ ಮದುವೆ ಫೋಟೋ ತೆಗೆಯುವುದು ನನ್ನ ಕಸುಬು. ಈಗೆಲ್ಲ ಮದುವೆಗೆ ಮುಂಚೆಯೇ ಹುಡುಗ ಹುಡುಗಿಯನ್ನು ಎಲ್ಲಾದರೂ ಕರೆದುಕೊಂಡು ಹೋಗಿ ಒಂದು ಸುತ್ತು ಫೋಟೋ ಆಗಬೇಕು. ಅದರಲ್ಲಿ ಒಂದಾದರೂ ಸಿಲೂಯೆಟ್ ಇರಬೇಕು. ಹಿಂದೆ ಕೆಂಪು ಆಕಾಶ, ಮುಂದೆ ಕಪ್ಪು ಆಕಾರ, ಅಷ್ಟೇ ಅಲ್ವಾ ಅಂದುಕೊಂಡಿದ್ದೆ.

ಮೊದಲ ಸಲ ಒಂದು ಜೋಡಿಯನ್ನು ಶೆಟ್ಟಿಹಳ್ಳಿಯ ಹಳೇ ಚರ್ಚಿಗೆ ಕರೆದುಕೊಂಡು ಹೋದೆ. ಮಳೆಗಾಲದಲ್ಲಿ ಹೇಮಾವತಿ ಹಿನ್ನೀರು ಅದನ್ನು ಅರ್ಧ ನುಂಗಿರುತ್ತದೆ. ಬೇಸಿಗೆಯಲ್ಲಿ ನೀರು ಸರಿದರೆ ಒಳಗೇ ನಡೆದು ಹೋಗಬಹುದು. ಆ ಕಮಾನಿನ ನಡುವೆ ಇಬ್ಬರನ್ನು ನಿಲ್ಲಿಸಿದೆ. ಮಧ್ಯಾಹ್ನ ಮೂರು ಗಂಟೆ. ಬಂದ ಫೋಟೋದಲ್ಲಿ ಆಕಾಶ ಬಿಳಿ ಸುಣ್ಣ, ಕಮಾನು ಬೂದು, ಹುಡುಗನ ಅಂಗಿಯ ಗುಂಡಿ ಕೂಡ ಕಾಣುತ್ತಿತ್ತು!

ಕಾರಣ ಆಮೇಲೆ ಹೊಳೆಯಿತು. ಆ ಚರ್ಚಿಗೆ ಚಾವಣಿ ಇಲ್ಲ. ಮೇಲಿಂದ ಬೆಳಕು ಸುರಿಯುತ್ತಲೇ ಇರುತ್ತದೆ, ಮುಂಭಾಗ ಕಪ್ಪಾಗುವುದಾದರೂ ಹೇಗೆ? ಬೆಳಕು ಹಿಂದಿನಿಂದ ಮಾತ್ರ ಬರಬೇಕು, ಮುಂದೆ ಏನೂ ಬೀಳಬಾರದು. ಅದಕ್ಕೆ ಸೂರ್ಯ ಕೆಳಗಿಳಿಯುವವರೆಗೆ ಕಾಯಬೇಕು. ಜೊತೆಗೆ ಕ್ಯಾಮೆರಾದ್ದೂ ಒಂದು ಕಾಟ. ಮುಂದೆ ಕಪ್ಪು ಕಂಡರೆ ಸಾಕು, ಅದು ಪಾಪ ಅಂತ ಬೆಳಗಿಸೋಕೆ ಹೊರಡುತ್ತದೆ. ಆಟೋದಲ್ಲಿಟ್ಟರೆ ಫ್ಲ್ಯಾಶ್ ಎದ್ದು ನಿಲ್ಲುತ್ತದೆ. ಕತ್ತಲೂ ಬೆಳಕೂ ಒಂದೇ ಫೋಟೋದಲ್ಲಿ ಕಾಣುವಂತೆ ಮಾಡುವ ಮೊಬೈಲಿನ ಎಚ್‌ಡಿಆರ್ ಅಂತೂ ನೆರಳನ್ನು ಎತ್ತಿ ಎತ್ತಿ ತೋರಿಸುತ್ತದೆ. ಎರಡನ್ನೂ ಆಫ್ ಮಾಡುವುದು ನನ್ನ ಮೊದಲ ಕೆಲಸ.

ಈಗ ನನ್ನ ಜಾಗ ನಮ್ಮೂರಿನ ಕೆರೆ ಏರಿ. ಏರಿ ತೆಂಕಣದಿಂದ ಬಡಗಣಕ್ಕೆ ಮಲಗಿದೆ. ಪಶ್ಚಿಮಕ್ಕೆ ನೀರು, ಪೂರ್ವಕ್ಕೆ ತಗ್ಗಿನಲ್ಲಿ ಗದ್ದೆ, ಹೊಲ. ಸಂಜೆ ಜೋಡಿಯನ್ನು ಏರಿ ಮೇಲೆ ಬಿಟ್ಟು ನಾನು ಕೆಳಗಿಳಿದು ರಾಗಿ ಕೂಳೆಯಲ್ಲಿ ಬೋರಲು ಮಲಗುತ್ತೇನೆ. ಮೊಣಕೈಗೆ ಚುಚ್ಚುತ್ತದೆ, ಇರಲಿ. ತಗ್ಗಿನಿಂದ ನೋಡಿದರೆ ಕಾಲಿನಿಂದ ತಲೆವರೆಗೆ ಅವರ ಹಿಂದೆ ಆಕಾಶ ಬಿಟ್ಟು ಬೇರೇನೂ ಇರುವುದಿಲ್ಲ. ಇದೇ ಮುಖ್ಯ. ಅವರ ಮಟ್ಟದಲ್ಲೇ ನಿಂತು ತೆಗೆದರೆ ದೂರದ ಗುಡ್ಡ, ಮರ ಎಲ್ಲ ಕಪ್ಪಾಗಿ ಕಾಲಿಗೆ ಅಂಟಿಕೊಳ್ಳುತ್ತವೆ. ಮೊಣಕಾಲಿಂದ ಕೆಳಗೆ ಇಬ್ಬರೂ ಮಾಯ.

ಬೆಳಕು ಅಳೆಯುವುದು ಹೀಗೆ. ಸ್ಪಾಟ್ ಮೀಟರಿಂಗ್ (ಒಂದು ಚುಕ್ಕಿಯಷ್ಟು ಜಾಗದ ಬೆಳಕನ್ನು ಮಾತ್ರ ಅಳೆಯುವುದು) ಇಟ್ಟು, ಸೂರ್ಯನ ಪಕ್ಕದ ಆಕಾಶಕ್ಕೆ ಗುರಿ ಹಿಡಿಯುತ್ತೇನೆ. ಸೂರ್ಯನಿಗೇ ಹಿಡಿದರೆ ಆಕಾಶವೂ ಕತ್ತಲಾಗುತ್ತದೆ. ಸಿಕ್ಕ ಅಳತೆಯನ್ನು, ಕ್ಯಾಮೆರಾ ತಾನಾಗಿ ಬದಲಿಸದ ಹಾಗೆ, ಮ್ಯಾನ್ಯುಯಲ್‌ನಲ್ಲಿ ಕೂರಿಸುತ್ತೇನೆ. ಸೂರ್ಯ ಇನ್ನೂ ಮೇಲಿದ್ದಾಗ ಐಎಸ್ಒ (ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನುವುದು) 100, ಲೆನ್ಸಿನ ಕಿಂಡಿ ಎಫ್ 8, ಶಟರ್ (ಬೆಳಕು ಒಳಗೆ ಬಿಡುವ ಹೊತ್ತು) 1/500 ಸೆಕೆಂಡಿನ ಆಸುಪಾಸು ಬರುತ್ತದೆ. ಮುಳುಗಿದ ಮೇಲೆ 1/60ಕ್ಕೆ ಇಳಿಯುತ್ತದೆ. ಆಟೋ ಮೋಡೇ ಬೇಕು ಅನ್ನುವವರು, ಕ್ಯಾಮೆರಾ ಲೆಕ್ಕ ಹಾಕಿದ ಬೆಳಕನ್ನು ಏರಿಳಿಸುವ ಎಕ್ಸ್‌ಪೋಷರ್ ಕಾಂಪೆನ್ಸೇಷನ್ ಅನ್ನು ಒಂದರಿಂದ ಎರಡು ಸ್ಟಾಪ್ (ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧ) ಕೆಳಗಿಳಿಸಿ ನೋಡಿ. ಫೋಕಸ್ ಬೆಳಕಿಗೆ ಎದುರಾದಾಗ ತಡಕಾಡುತ್ತದೆ. ಕಪ್ಪಿನ ನಡುವೆ ಹಿಡಿಯೋಕೆ ಅದಕ್ಕೆ ಏನೂ ಸಿಗುವುದಿಲ್ಲ. ಭುಜದ ಅಂಚಿಗೆ ಹಿಡಿಯಿರಿ, ಕಪ್ಪು ಬಿಳುಪು ಸೇರುವ ಗೆರೆ ಅಲ್ಲಿರುತ್ತದೆ. ಇನ್ನೊಂದು ಮಾತು. ದೊಡ್ಡ ಲೆನ್ಸ್ ಹಾಕಿದಾಗ ಸೂರ್ಯನನ್ನು ವ್ಯೂಫೈಂಡರ್‌ನಲ್ಲಿ ಕಣ್ಣಿಟ್ಟು ನೋಡಬೇಡಿ, ಕಣ್ಣು ಹೋದೀತು. ಸ್ಕ್ರೀನಿನಲ್ಲೇ ನೋಡಿ.

"ಕಂಪ್ಯೂಟರಿನಲ್ಲಿ ಕಪ್ಪು ಮಾಡಿದರಾಯ್ತಲ್ಲ" ಅಂತ ಗೆಳೆಯನೊಬ್ಬ ಕೇಳುತ್ತಿರುತ್ತಾನೆ. ಮನುಷ್ಯರನ್ನು ಕಪ್ಪು ಮಾಡಬಹುದು ಮಾರಾಯ, ಆದರೆ ಬೆಳ್ಳಗೆ ಸುಟ್ಟುಹೋದ ಆಕಾಶದ ಬಣ್ಣ ಎಲ್ಲಿಂದ ತರುತ್ತೀಯ?

ಆಮೇಲೆ ಆಕಾರದ ಗೋಳು. ಜೋಡಿಗಳಿಗೆ ಅಪ್ಪಿಕೊಂಡು ನಿಲ್ಲುವ ಆಸೆ. ಅಪ್ಪಿಕೊಂಡರೆ ಫೋಟೋದಲ್ಲಿ ಒಂದು ರಾಗಿ ಮೂಟೆ ಬರುತ್ತದೆ, ಅಷ್ಟೇ. ಒಳಗಿನ ಗೆರೆ ಒಂದೂ ಉಳಿಯುವುದಿಲ್ಲ, ಹೊರಗಿನ ಅಂಚೇ ಎಲ್ಲವನ್ನೂ ಹೇಳಬೇಕು. ಹಾಗಾಗಿ ಎದುರು ಬದುರು ನಿಲ್ಲಿಸಿ, ಮುಖ ಪಕ್ಕಕ್ಕೆ ತಿರುಗಿಸಿ, ಮೂಗು ಮೂಗಿನ ನಡುವೆ ಎರಡು ಬೆರಳು ಜಾಗ ಬಿಡಿಸುತ್ತೇನೆ. ಕೈ ಮೈಗೆ ಅಂಟಬಾರದು. ಹುಡುಗಿ ಸೆರಗನ್ನು ಗಾಳಿಗೆ ಹಿಡಿದರೆ ಅದು ಸೀರೆ ಅಂತ ತಿಳಿಯುತ್ತದೆ. ಒಮ್ಮೆ ಏರಿ ಮೇಲೆ ಕುರಿ ಹೊಡೆದುಕೊಂಡು ಬಂದ ಅಜ್ಜನನ್ನು ತೆಗೆದೆ. ಕಂಬಳಿ ಹೊದ್ದ ಮೈ ಒಂದು ಗುಡ್ಡೆ ತರ ಬಂತು. ಹೆಗಲಾಚೆ ಚಾಚಿದ ಕೋಲು ಇರಲಿಲ್ಲ ಅಂದಿದ್ದರೆ ಅದು ಹುತ್ತವೋ ಮನುಷ್ಯನೋ ಗೊತ್ತಾಗುತ್ತಿರಲಿಲ್ಲ.

ಕಳೆದ ಜನವರಿಯ ಜೋಡಿಗೆ ದೊಡ್ಡ ಸೂರ್ಯನ ಮುಂದೆ ನಿಲ್ಲಬೇಕಿತ್ತು. ಇದು ಲೆಕ್ಕದ ಆಟ. ಸೂರ್ಯ ನಮಗೆ ಕಾಣುವುದು ಸುಮಾರು ಅರ್ಧ ಡಿಗ್ರಿ ಅಗಲ. ಐದೂವರೆ ಅಡಿ ಎತ್ತರದ ಮನುಷ್ಯ ಸೂರ್ಯನಷ್ಟೇ ಉದ್ದ ಕಾಣಬೇಕೆಂದರೆ ನಾನು ಸುಮಾರು 180 ಮೀಟರ್ ಹಿಂದೆ ಹೋಗಬೇಕು. ಅಷ್ಟು ದೂರ ಹೋದರೆ ದೂರದ್ದನ್ನು ಹತ್ತಿರ ಎಳೆಯುವ 200 ಎಂಎಂ ಲೆನ್ಸಿನಲ್ಲೂ ಸೂರ್ಯ ಸೆನ್ಸರ್ (ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಫಲಕ) ಮೇಲೆ ಎರಡು ಮಿಲಿಮೀಟರ್ ಕೂಡ ಬರುವುದಿಲ್ಲ, ಜೋಡಿಯೂ ಅಷ್ಟೇ. ಅದಕ್ಕೇ 600 ಎಂಎಂ ಬಾಡಿಗೆಗೆ ತಂದೆ. ಮೂರು ಹೊಲ ದಾಟಿ ಮಲಗಿಕೊಂಡು, ಫೋನಿನಲ್ಲಿ "ಇನ್ನೊಂದು ಹೆಜ್ಜೆ ಎಡಕ್ಕೆ, ಅಯ್ಯೋ ನಿಮ್ಮ ಎಡ ಅಲ್ಲ, ನನ್ನ ಎಡ" ಅಂತ ಕೂಗಾಡಿದೆ. ಸೂರ್ಯ ತನ್ನ ಅಗಲದಷ್ಟು ಸರಿಯಲು ಎರಡು ನಿಮಿಷ ಸಾಕು, ನಮ್ಮ ಕಡೆ ಹೆಚ್ಚುಕಡಿಮೆ ನೇರವಾಗಿಯೇ ಇಳಿಯುತ್ತಾನೆ. ಎರಡು ಸಂಜೆ ಹಾಳಾದವು. ಮೂರನೇ ದಿನ ನಾಲ್ಕು ಫ್ರೇಮ್ ಸಿಕ್ಕವು, ಅದರಲ್ಲಿ ಒಂದು ಸರಿ.

ಆಲ್ಬಂ ಕೊಡೋಕೆ ಮನೆಗೆ ಹೋದಾಗ ಹುಡುಗಿಯ ಅಜ್ಜಿ ಆ ಪುಟದಲ್ಲೇ ನಿಂತರು. ಕನ್ನಡಕ ಸರಿಮಾಡಿಕೊಂಡು ನೋಡಿ, ನನ್ನ ಕಡೆ ತಿರುಗಿ ಕೇಳಿದರು: "ಇದು ಕರೆಂಟ್ ಹೋದಾಗ ತೆಗೆದಿದ್ದೇನಪ್ಪಾ?"