ನಾನು ಹೇಳಿದ್ದು, ಅವರು ಕೇಳಿಸಿಕೊಂಡದ್ದು

ಆಸ್ಪತ್ರೆಯ ವಾರ್ಡಿನಲ್ಲಿ ಶುಶ್ರೂಷಕಿಯಾಗಿರುವ ನನಗೆ ಪಾಳಿ ಬದಲಾಗುವ ಹೊತ್ತೇ ದಿನದ ಅತ್ಯಂತ ಸೂಕ್ಷ್ಮ ಸಮಯ. ಕೆಲವು ವರ್ಷಗಳ ಹಿಂದೆ, ಶಸ್ತ್ರಚಿಕಿತ್ಸೆಯಾಗಿ ಕೆಲವೇ ಗಂಟೆ ಕಳೆದಿದ್ದ ರೋಗಿಯೊಬ್ಬರ ಬಗ್ಗೆ ರಾತ್ರಿ ಪಾಳಿಯ ಕಿರಿಯ ಸಹೋದ್ಯೋಗಿಗೆ "ಬಿ.ಪಿ. ಸ್ವಲ್ಪ ಕಡಿಮೆಯಿದೆ, ನೋಡಿಕೊಳ್ಳಿ" ಎಂದಷ್ಟೇ ಹೇಳಿ ಹೊರಟೆ. ಹದಿನೈದು ನಿಮಿಷಕ್ಕೊಮ್ಮೆ ಅಳೆಯಬೇಕೆಂಬುದು ನನ್ನ ಮನಸ್ಸಿನಲ್ಲಿತ್ತು. ಅವರು ವಾರ್ಡಿನ ರೂಢಿಯಂತೆ ನಾಲ್ಕು ಗಂಟೆಗೊಮ್ಮೆ ಅಳೆಯಲು ಗುರುತು ಹಾಕಿಕೊಂಡರು. ನಡುವೆ ರೋಗಿಯ ಮೈ ತಣ್ಣಗಾಗಿ ಬೆವರತೊಡಗಿದ್ದನ್ನು ಜೊತೆಗಿದ್ದ ಮಗಳು ಗಮನಿಸಿ ಕೂಗಿದ್ದರಿಂದ ವೈದ್ಯರು ಸಕಾಲಕ್ಕೆ ಬಂದರು. ರೋಗಿ ಚೇತರಿಸಿಕೊಂಡರು.

"ನಾನು ಹೇಳಿದ್ದೆನಲ್ಲ" ಎಂಬುದೇ ನನಗೆ ಮೊದಲು ತೋಚಿದ ಮಾತು. ಆದರೂ ಮನಸ್ಸು ಒಪ್ಪದೆ, 1988ರಲ್ಲಿ ಶಿಕ್ಷಣತಜ್ಞ ಗ್ರಹಾಂ ಗಿಬ್ಸ್ ರೂಪಿಸಿದ ಆರು ಹಂತಗಳ ಆತ್ಮಾವಲೋಕನ ಕ್ರಮವನ್ನು ಹಿಡಿದು ಬರೆಯಲು ಕುಳಿತೆ: ನಡೆದದ್ದೇನು, ಆಗ ಅನಿಸಿದ್ದೇನು, ಒಳಿತು ಕೆಡುಕುಗಳೇನು, ಕಾರಣವೇನು, ತಿಳಿದದ್ದೇನು, ಮುಂದೆ ಮಾಡುವುದೇನು. ಎರಡನೆಯ ಹಂತವನ್ನು ಕೆಲಸಕ್ಕೆ ಸಂಬಂಧಿಸದ ವಿಷಯವೆಂದು ದಾಟಿಬಿಡುವವಳಿದ್ದೆ. ಅಲ್ಲಿ "ದಣಿದಿದ್ದೆ, ಬೇಗ ಹೊರಡಬೇಕಿತ್ತು" ಎಂದು ಬರೆದ ಮೇಲೆಯೇ ಉಳಿದದ್ದೆಲ್ಲ ಸ್ಪಷ್ಟವಾಯಿತು. ನನ್ನ ಮಾತನ್ನು ಅಕ್ಷರಶಃ ಬರೆದು ನೋಡಿದರೆ ಅದರಲ್ಲಿ ಒಂದು ಅಂಕಿಯೂ ಇರಲಿಲ್ಲ, ಎಷ್ಟು ಹೊತ್ತಿಗೊಮ್ಮೆ ಅಳೆಯಬೇಕೆಂಬುದೂ ಇರಲಿಲ್ಲ.

ಆದರೆ ಒಬ್ಬರೇ ಕುಳಿತು ಬರೆಯುವ ಅವಲೋಕನ ಅರ್ಧ ಮಾತ್ರ ಎಂಬುದು ನನ್ನ ದೃಢವಾದ ಅಭಿಪ್ರಾಯ. ಮರುದಿನ ಆ ಸಹೋದ್ಯೋಗಿಯನ್ನು, ತಪ್ಪು ಹುಡುಕುವ ಧಾಟಿಯಲ್ಲಲ್ಲದೆ, "ನನ್ನ ಮಾತು ನಿಮಗೆ ಹೇಗೆ ಕೇಳಿಸಿತು?" ಎಂದು ವಿಚಾರಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸ್ವಲ್ಪ ಎಂದಿರಲ್ಲ ಸಿಸ್ಟರ್, ಗಾಬರಿಪಡುವಂಥದ್ದಲ್ಲ ಅಂದುಕೊಂಡೆ. ಇನ್ನೊಮ್ಮೆ ಕೇಳೋಣವೆಂದರೆ ನೀವು ಆಗಲೇ ಬ್ಯಾಗು ಹೆಗಲಿಗೆ ಹಾಕಿಕೊಂಡಿದ್ದಿರಿ" ಎಂದರು. ಆ ಬ್ಯಾಗಿನ ವಿಚಾರ ನಾನು ಬರೆದ ಎರಡು ಪುಟಗಳಲ್ಲಿ ಎಲ್ಲಿಯೂ ಇರಲಿಲ್ಲ.

ಅಂದಿನಿಂದ ವರದಿ ಒಪ್ಪಿಸಿ ಮುಗಿಯುವವರೆಗೆ ಬ್ಯಾಗು ಕಪಾಟಿನಲ್ಲೇ ಇರುತ್ತದೆ. ರೋಗಿಯ ಹಾಸಿಗೆಯ ಬಳಿಯೇ ನಿಂತು, ಅಮೆರಿಕದ ನೌಕಾಪಡೆಯ ಅಣುಶಕ್ತಿ ಜಲಾಂತರ್ಗಾಮಿಗಳಿಂದ ಆಸ್ಪತ್ರೆಗಳಿಗೆ ಬಂದ ಎಸ್‌ಬಿಎಆರ್ ಎಂಬ ವರದಿ ಒಪ್ಪಿಸುವ ಕ್ರಮದಂತೆ ಈಗಿನ ಸ್ಥಿತಿ, ಹಿನ್ನೆಲೆ, ನನ್ನ ಅಂದಾಜು, ಆಗಬೇಕಾದದ್ದು ಎಂಬ ನಾಲ್ಕನ್ನೂ ಹೇಳುತ್ತೇನೆ. "ಮಧ್ಯಾಹ್ನ 124/80 ಇದ್ದದ್ದು ಈಗ 96/60, ಹದಿನೈದು ನಿಮಿಷಕ್ಕೊಮ್ಮೆ ಅಳೆಯಿರಿ, ಮೇಲಿನ ಅಂಕಿ 90ಕ್ಕಿಂತ ಇಳಿದರೆ ಕೂಡಲೇ ವೈದ್ಯರನ್ನು ಕರೆಯಿರಿ" ಎಂದು ಅಂಕಿಗಳಲ್ಲೇ ಹೇಳಿ, ಕೇಳಿಸಿಕೊಂಡವರಿಂದ ಅದನ್ನು ಮರಳಿ ಹೇಳಿಸುತ್ತೇನೆ. "ಅರ್ಥವಾಯಿತೇ?" ಎಂದು ಕೇಳುವುದನ್ನು ಬಿಟ್ಟಿದ್ದೇನೆ, ಏಕೆಂದರೆ ಆ ಪ್ರಶ್ನೆಗೆ ಯಾರೂ ಇಲ್ಲವೆನ್ನುವುದಿಲ್ಲ.

ನಾಲ್ಕನೆಯ ಭಾಗ ನನಗೆ ಇಂದಿಗೂ ಸುಲಭವಲ್ಲ. ನಡುರಾತ್ರಿ ಹಿರಿಯ ವೈದ್ಯರಿಗೆ ಕರೆ ಮಾಡಿ ವಿವರವನ್ನೆಲ್ಲ ಹೇಳಿದ ಮೇಲೆ, ಆಗಬೇಕಾದದ್ದನ್ನು ನೇರವಾಗಿ ಹೇಳಲು ನಾಲಿಗೆ ತಡವರಿಸುತ್ತದೆ. ಆದ್ದರಿಂದ ಫೋನು ಕೈಗೆತ್ತಿಕೊಳ್ಳುವ ಮುನ್ನ "ತಾವು ಈಗಲೇ ಬಂದು ರೋಗಿಯನ್ನು ನೋಡಬೇಕು" ಎಂಬ ವಾಕ್ಯವನ್ನು ಚೀಟಿಯಲ್ಲಿ ಬರೆದು ಎದುರಿಗಿಟ್ಟುಕೊಳ್ಳುತ್ತೇನೆ.